ಡಿಪ್ಲೊಮಾದಿಂದ ಬಿ.ಇ.ಗೆ: ನಡುವಣ ಗಣಿತ

ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದ ವಿದ್ಯಾರ್ಥಿ ಬಿ.ಇ. ಪದವಿಯ ಎರಡನೆಯ ವರ್ಷಕ್ಕೆ, ಅಂದರೆ ಮೂರನೆಯ ಸೆಮಿಸ್ಟರ್‌ಗೆ, ನೇರವಾಗಿ ಸೇರಬಹುದು. ಲ್ಯಾಟರಲ್ ಎಂಟ್ರಿ ಎನ್ನುವ ಈ ದಾರಿಯಲ್ಲಿ ಒಂದು ವರ್ಷ ಉಳಿಯುತ್ತದೆ. ಆ ವರ್ಷದಲ್ಲಿ ಸಹಪಾಠಿಗಳು ಕಲಿತ ಎರಡು ಸೆಮಿಸ್ಟರಿನ ಗಣಿತ ಮಾತ್ರ ಕೈತಪ್ಪುತ್ತದೆ. ಈ ಗಣಿತ ನಾಲ್ಕು ಕಡೆ ಎದುರಾಗುತ್ತದೆ: ಅರ್ಜಿ ಹಾಕುವಾಗ ಅರ್ಹತೆಯಾಗಿ, ಸೀಟು ಹಂಚುವಾಗ ಪ್ರವೇಶ ಪರೀಕ್ಷೆಯ ಅಂಕವಾಗಿ, ಸೇರಿದ ಮೇಲೆ ಹೆಚ್ಚುವರಿ ಪತ್ರಿಕೆಯಾಗಿ, ಕೊನೆಗೆ ತರಗತಿಯಲ್ಲಿ ಬೇರೆ ವಿಷಯಗಳ ಪಾಠದೊಳಗೆ. ಮೊದಲ ಮೂರನ್ನು ನಿಯಮಾವಳಿ ಬರೆದಿಟ್ಟಿದೆ. ನಾಲ್ಕನೆಯದನ್ನು ಯಾರೂ ಬರೆದಿಟ್ಟಿಲ್ಲ. ಆದರೆ ವಿದ್ಯಾರ್ಥಿ ನಿಲ್ಲುತ್ತಾನೋ ಎಡವುತ್ತಾನೋ ಎಂಬುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಸೀಮೆಯ ಹಿನ್ನೆಲೆ

ಈ ದಾರಿಯ ಮಹತ್ವ ತಿಳಿಯಲು ಯಾದಗಿರಿಯನ್ನು ಉದಾಹರಣೆಯಾಗಿ ನೋಡಬಹುದು. ಈ ಜಿಲ್ಲೆ ಗುಲಬರ್ಗಾದಿಂದ ಬೇರೆಯಾಗಿ 2009ರ ಡಿಸೆಂಬರ್ 30ರಂದು ಅಸ್ತಿತ್ವಕ್ಕೆ ಬಂತು. ಆಗ ಇದ್ದದ್ದು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲ್ಲೂಕು. ಗುರುಮಠಕಲ್, ವಡಗೇರಾ, ಹುಣಸಗಿ ಆಮೇಲೆ ತಾಲ್ಲೂಕುಗಳಾದವು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲಿ ಅದಕ್ಕಿಂತ ಕಡಿಮೆ ಇದ್ದ ಜಿಲ್ಲೆ ಇನ್ನೊಂದಿಲ್ಲ. 2018ರಲ್ಲಿ ನೀತಿ ಆಯೋಗ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಶೇ 50.59 ಪಡೆದು ಪಟ್ಟಿಯ ಕೊನೆಯಲ್ಲಿ ನಿಂತಿತು.

ಇಂಥ ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರ ಮುಂದೆ ಎರಡು ದಾರಿ ಇರುತ್ತವೆ. ಪಿಯುಸಿ ವಿಜ್ಞಾನಕ್ಕೆ ಹೋದರೆ ಎರಡು ವರ್ಷದ ಕೊನೆಗೆ ಸಿಇಟಿ, ಅದರ ಜೊತೆಗೆ ಟ್ಯೂಷನ್ನಿನ ಖರ್ಚು. ಸೀಟು ಸಿಗದಿದ್ದರೆ ಕೈಯಲ್ಲಿ ಉದ್ಯೋಗದ ವಿದ್ಯೆಯೂ ಇರುವುದಿಲ್ಲ. ಡಿಪ್ಲೊಮಾಕ್ಕೆ ಹೋದರೆ ಮೂರು ವರ್ಷಕ್ಕೆ ಕೆಲಸಕ್ಕೆ ಬರುವ ಪ್ರಮಾಣಪತ್ರ ಸಿಗುತ್ತದೆ. ಭೀಮರಾಯನಗುಡಿಯ ಸುತ್ತ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆ ಕಾಮಗಾರಿ, ಕಡೇಚೂರು ಕೈಗಾರಿಕಾ ಪ್ರದೇಶ, ಅಲ್ಲಿನ ರೈಲ್ವೆ ಬೋಗಿ ಕಾರ್ಖಾನೆ ಇವೆಲ್ಲ ಡಿಪ್ಲೊಮಾದವರು ಕಣ್ಣಿಡುವ ಜಾಗಗಳು. ಓದು ಮುಂದುವರಿಸಬೇಕೆಂದರೆ ಲ್ಯಾಟರಲ್ ಎಂಟ್ರಿ ಇದ್ದೇ ಇದೆ ಎಂಬ ಭರವಸೆ ಮನೆಯವರಿಗೂ ಇರುತ್ತದೆ. ಜಿಲ್ಲೆಯೊಳಗೆ ಸುರಪುರ ಬಳಿಯ ಹಸನಾಪುರದಲ್ಲಿ ವೀರಪ್ಪ ನಿಷ್ಠಿ ಎಂಜಿನಿಯರಿಂಗ್ ಕಾಲೇಜಿದೆ. ಹೊರಗೆ ಹೋಗುವವರಿಗೆ 1958ರಲ್ಲಿ ಆರಂಭವಾದ ಕಲಬುರಗಿಯ ಪಿಡಿಎ ಕಾಲೇಜು ಮತ್ತು ರಾಯಚೂರಿನ ಕಾಲೇಜುಗಳು ಹತ್ತಿರದವು.

ಸಂವಿಧಾನದ 371-ಜೆ ವಿಧಿಯೂ ಈ ದಾರಿಯನ್ನು ಅಗಲ ಮಾಡಿದೆ. 2012ರಲ್ಲಿ ಸಂಸತ್ತು ಒಪ್ಪಿದ 98ನೆಯ ತಿದ್ದುಪಡಿಯ ಫಲವಾಗಿ, 2013ರ ಆದೇಶದಂತೆ, ಯಾದಗಿರಿಯೂ ಸೇರಿದ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳ ಶೇ 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ರಾಜ್ಯದ ಉಳಿದ ಭಾಗದಲ್ಲಿ ಶೇ 8. ಸೀಟಿನ ಬಾಗಿಲು ಹೀಗೆ ಅಗಲವಾದಷ್ಟೂ ಒಳಗೆ ಹೋದವರನ್ನು ಕೊನೆಯ ಸೆಮಿಸ್ಟರ್‌ವರೆಗೆ ತಲುಪಿಸುವ ಸಿದ್ಧತೆಯ ಪ್ರಶ್ನೆ ದೊಡ್ಡದಾಗುತ್ತದೆ. ಆ ಸಿದ್ಧತೆಯಲ್ಲಿ ಗಣಿತದ ಪಾಲು ಹಿರಿದು.

ಮೊದಲ ಷರತ್ತು: ಅರ್ಹತೆ

ಎರಡನೆಯ ವರ್ಷದ ಪ್ರವೇಶಕ್ಕೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ, ಅಂದರೆ ಎಐಸಿಟಿಇ, ಕನಿಷ್ಠ ಅರ್ಹತೆಯನ್ನು ನಿಗದಿ ಮಾಡುತ್ತದೆ. ಎಂಜಿನಿಯರಿಂಗ್‌ನ ಯಾವುದೇ ಶಾಖೆಯ ಡಿಪ್ಲೊಮಾದಲ್ಲಿ ಶೇ 45 ಅಂಕ ಇರಬೇಕು. ಮೀಸಲಾತಿ ವರ್ಗದವರಿಗೆ ಶೇ 40 ಸಾಕು. ಕಾಲೇಜಿನ ಮಂಜೂರಾದ ಪ್ರವೇಶ ಮಿತಿಯ ಮೇಲೆ ಶೇ 10ರಷ್ಟು ಹೆಚ್ಚುವರಿ ಸೀಟುಗಳೂ ಮೊದಲ ವರ್ಷದಲ್ಲಿ ಖಾಲಿ ಉಳಿದ ಸೀಟುಗಳೂ ಇವರಿಗೆ ಸಿಗುತ್ತವೆ.

ಈ ಅರ್ಹತೆಯಲ್ಲಿ ಗಣಿತವನ್ನು ಪ್ರತ್ಯೇಕವಾಗಿ ಕೇಳಿಲ್ಲ. ಡಿಪ್ಲೊಮಾದೊಳಗೆ ಗಣಿತ ಇದ್ದೇ ಇರುತ್ತದೆ ಎಂದು ನಿಯಮ ನಂಬಿದೆ. ವಿವಿಧ ಹಿನ್ನೆಲೆಯಿಂದ ಬಂದವರಿಗೆ ಗಣಿತ, ಭೌತವಿಜ್ಞಾನ, ಎಂಜಿನಿಯರಿಂಗ್ ಡ್ರಾಯಿಂಗ್ ಮುಂತಾದವುಗಳಲ್ಲಿ ಸೇತುಬಂಧ ಪಾಠಗಳನ್ನು ವಿಶ್ವವಿದ್ಯಾಲಯವೇ ಒದಗಿಸಬೇಕು ಎಂಬ ಸೂಚನೆ ಮಾತ್ರ ಜೊತೆಗಿದೆ. ಅರ್ಹತೆ ಸುಲಭವಾಯಿತು, ಕೊರತೆ ತುಂಬುವ ಹೊಣೆ ಸೇರಿಸಿಕೊಂಡವರ ಮೇಲೆ ಬಿತ್ತು.

ಯಾವುದೇ ಶಾಖೆ ಆಗಬಹುದು ಎಂಬ ಸಡಿಲಿಕೆಗೆ ಇನ್ನೊಂದು ಪರಿಣಾಮವೂ ಇದೆ. ಸಿವಿಲ್ ಡಿಪ್ಲೊಮಾ ಓದಿದವರು ಕಂಪ್ಯೂಟರ್ ಸೈನ್ಸ್ ಬೇಡಬಹುದು. ಸಿವಿಲ್‌ಗೆ ಬೇಕಾದ ಗಣಿತವೇ ಬೇರೆ, ಕಂಪ್ಯೂಟರ್ ಸೈನ್ಸ್‌ಗೆ ಬೇಕಾದದ್ದೇ ಬೇರೆ. ಶಾಖೆ ಬದಲಾಯಿಸುವವರ ಕೊರತೆಯ ಪಟ್ಟಿ ಹಾಗಾಗಿ ಇನ್ನಷ್ಟು ಉದ್ದವಾಗುತ್ತದೆ.

ಎರಡನೆಯ ಷರತ್ತು: ಡಿಸಿಇಟಿ

ಸೀಟು ಹಂಚಿಕೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಡಿಪ್ಲೊಮಾ ಸಿಇಟಿ, ರೂಢಿಯಲ್ಲಿ ಡಿಸಿಇಟಿ, ನಡೆಸುತ್ತದೆ. ಹಿಂದೆ ಶಾಖೆಗೊಂದು ಪತ್ರಿಕೆ ಇತ್ತು. 2020-21ರಲ್ಲಿ ಬಂದ ಸಿ-20 ಪಠ್ಯಕ್ರಮದ ವಿದ್ಯಾರ್ಥಿಗಳು ಪರೀಕ್ಷೆಗೆ ಕೂರುವ ಹೊತ್ತಿಗೆ ಎಲ್ಲ ಶಾಖೆಗೂ ಒಂದೇ ಪತ್ರಿಕೆಯಾಯಿತು. ಎಂಜಿನಿಯರಿಂಗ್ ಗಣಿತ, ಸಂಖ್ಯಾಶಾಸ್ತ್ರ ಮತ್ತು ವಿಶ್ಲೇಷಣೆ, ಐಟಿ ಕೌಶಲ, ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್‌ನ ಮೂಲಾಂಶಗಳು, ಯೋಜನಾ ನಿರ್ವಹಣೆ ಎಂಬ ಐದು ವಿಷಯಗಳಿಗೆ ತಲಾ 20 ಅಂಕ, ಒಟ್ಟು 100. ಗಣಿತ ಮತ್ತು ಸಂಖ್ಯಾಶಾಸ್ತ್ರ ಸೇರಿದರೆ 40 ಅಂಕ. ಒಳ್ಳೆಯ ರ್‍ಯಾಂಕ್ ಬೇಕಾದವರು ಗಣಿತವನ್ನು ಬಿಟ್ಟು ಗೆಲ್ಲುವುದು ಕಷ್ಟ.

ಈ ಐದೂ ಡಿಪ್ಲೊಮಾದ ಮೊದಲ ವರ್ಷದ ವಿಷಯಗಳು. ಸಿ-20ರಲ್ಲಿ ಗಣಿತ ಆ ಮೊದಲ ವರ್ಷಕ್ಕೇ ಮುಗಿಯುತ್ತದೆ. ಎರಡನೆಯ ವರ್ಷ ಪೂರ್ತಿ ಶಾಖೆಯ ವಿಷಯಗಳು, ಐದನೆಯ ಸೆಮಿಸ್ಟರಿನಲ್ಲಿ ವಿಶೇಷ ಅಧ್ಯಯನ, ಆರನೆಯದರಲ್ಲಿ ಇಂಟರ್ನ್‌ಶಿಪ್. ಅಂದರೆ ಗಣಿತದ ಪುಸ್ತಕ ಮುಚ್ಚಿದ ಎರಡು ವರ್ಷದ ಮೇಲೆ ಡಿಸಿಇಟಿ ಬರುತ್ತದೆ, ಅದರ ಬೆನ್ನಿಗೇ ಬಿ.ಇ. ಮೂರನೆಯ ಸೆಮಿಸ್ಟರ್. ಈ ಎರಡು ವರ್ಷದ ಬಿಡುವು ಕಲಿಯದೆ ಬಿಟ್ಟ ಗಣಿತದಷ್ಟೇ ತೊಂದರೆ ಕೊಡುತ್ತದೆ. ತ್ರಿಕೋನಮಿತಿಯ ಸೂತ್ರಗಳು, ಅನುಕಲನದ ಪ್ರಮಾಣಿತ ರೂಪಗಳು ಕೈ ಬಳಕೆಯಿಂದ ಉಳಿಯುವಂಥವು. ಬಳಸದಿದ್ದರೆ ಮೊದಲು ಹೋಗುವುದೂ ಅವೇ.

ಐಟಿಐನಿಂದ ಬಂದವರ ಸ್ಥಿತಿ ಇನ್ನೂ ಬೇರೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು. ಹಾಗೆ ಸೇರಿ, ಮುಂದೆ ಬಿ.ಇ.ಯ ಎರಡನೆಯ ವರ್ಷಕ್ಕೆ ಹೋದವರು ಎರಡು ಕಡೆಯೂ ಮೊದಲ ವರ್ಷದ ತರಗತಿಯಲ್ಲಿ ಕೂತಿರುವುದಿಲ್ಲ. ಬುನಾದಿಯ ಗಣಿತ ಇರುವುದು ಎರಡು ಕಡೆಯೂ ಆ ಮೊದಲ ವರ್ಷದಲ್ಲೇ. ಕೈಕೆಲಸದಲ್ಲಿ ಇವರನ್ನು ಮೀರಿಸುವವರು ತರಗತಿಯಲ್ಲಿ ಸಿಗುವುದು ಅಪರೂಪ, ಆದರೆ ಅವರ ಗಣಿತ ಹತ್ತನೆಯ ತರಗತಿಯ ಹತ್ತಿರ ನಿಂತಿರುತ್ತದೆ.

ಕೊರತೆಯ ಅಳತೆ

ಕೊರತೆ ಎಷ್ಟೆಂದು ತಿಳಿಯಬೇಕಾದರೆ ಮೂರು ಪಠ್ಯಕ್ರಮಗಳನ್ನು ಎದುರುಬದುರು ಇಡಬೇಕು.

ಸಿ-20ರ ಎಂಜಿನಿಯರಿಂಗ್ ಗಣಿತದಲ್ಲಿ ಐದು ಘಟಕಗಳಿವೆ: ಮಾತೃಕೆ ಮತ್ತು ನಿರ್ಧಾರಕ, ಸರಳರೇಖೆ, ತ್ರಿಕೋನಮಿತಿ, ಅವಕಲನ ಮತ್ತು ಅದರ ಅನ್ವಯ, ಅನುಕಲನ ಮತ್ತು ಅದರ ಅನ್ವಯ. ಪಿಯುಸಿ ವಿಜ್ಞಾನದವರು 2012-13ರಿಂದ ಎನ್‌ಸಿಇಆರ್‌ಟಿ ಪಠ್ಯ ಓದುತ್ತಿದ್ದಾರೆ. ಅದರಲ್ಲಿ ಇವೆಲ್ಲದರ ಜೊತೆಗೆ ಸಂಮಿಶ್ರ ಸಂಖ್ಯೆ, ಸದಿಶ, ಮೂರು ಆಯಾಮದ ಜ್ಯಾಮಿತಿ, ಅವಕಲ ಸಮೀಕರಣ, ಸಂಭವನೀಯತೆ ಇವೆ. ಇದರ ಮೇಲೆ ಬಿ.ಇ. ಮೊದಲ ವರ್ಷದವರು ಆಂಶಿಕ ಅವಕಲನ, ದ್ವಿ-ತ್ರಿ ಅನುಕಲನ, ಸದಿಶ ಕಲನ, ರೇಖೀಯ ಬೀಜಗಣಿತ, ಸಾಂಖ್ಯಿಕ ವಿಧಾನಗಳನ್ನು ಕಲಿತಿರುತ್ತಾರೆ.

ಹೀಗೆ ಇಟ್ಟು ನೋಡಿದಾಗ ಡಿಪ್ಲೊಮಾ ವಿದ್ಯಾರ್ಥಿಗೆ ಗಣಿತ ಬಾರದು ಎಂಬ ಸಾಮಾನ್ಯ ಮಾತು ನಿಲ್ಲುವುದಿಲ್ಲ. ಒಂದು ಚರದ ಕಲನಶಾಸ್ತ್ರ ಆತನಿಗೆ ಪರಿಚಿತ. ಬಾಕಿ ಇರುವುದು ಹೆಸರಿಟ್ಟು ಪಟ್ಟಿ ಮಾಡಬಹುದಾದ ಎಂಟು ಹತ್ತು ಅಧ್ಯಾಯ. ಈ ಬಾಕಿಗೆ ಒಂದು ಗಡಿ ಇದೆ ಎಂಬುದು ಮುಖ್ಯ. ಗಡಿ ಇದ್ದದ್ದಕ್ಕೆ ವೇಳಾಪಟ್ಟಿ ಹಾಕಲು ಬರುತ್ತದೆ.

ಮೂರನೆಯ ಷರತ್ತು: ಹೆಚ್ಚುವರಿ ಗಣಿತ

1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ವಿಟಿಯು, ಈ ಬಾಕಿಗೆ ಎರಡು ಪತ್ರಿಕೆ ಇಟ್ಟಿತು. ಮೂರನೆಯ ಸೆಮಿಸ್ಟರಿನಲ್ಲಿ ಹೆಚ್ಚುವರಿ ಗಣಿತ ಒಂದು, ನಾಲ್ಕನೆಯದರಲ್ಲಿ ಹೆಚ್ಚುವರಿ ಗಣಿತ ಎರಡು. ವಿಷಯ ಸಂಕೇತದ ಅಕ್ಷರಗಳನ್ನೇ ಹಿಡಿದು ವಿದ್ಯಾರ್ಥಿಗಳು ಇದನ್ನು ‘ಮ್ಯಾಟ್‌ಡಿಪ್’ ಎನ್ನುತ್ತಾರೆ.

2018ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ, ಮೊದಲ ಪತ್ರಿಕೆ ಸಂಮಿಶ್ರ ಸಂಖ್ಯೆ ಮತ್ತು ಸದಿಶಗಳಿಂದ ಆರಂಭವಾಗಿ, ಅವಕಲನ, ಸದಿಶ ಅವಕಲನ, ಅನುಕಲನ, ಮೊದಲ ದರ್ಜೆಯ ಅವಕಲ ಸಮೀಕರಣಗಳವರೆಗೆ ಹೋಗುತ್ತಿತ್ತು. ಎರಡನೆಯದರಲ್ಲಿ ರೇಖೀಯ ಬೀಜಗಣಿತ, ಸಾಂಖ್ಯಿಕ ವಿಧಾನ, ಮೇಲಿನ ದರ್ಜೆಯ ಅವಕಲ ಸಮೀಕರಣ, ಆಂಶಿಕ ಅವಕಲ ಸಮೀಕರಣ, ಸಂಭವನೀಯತೆ ಬರುತ್ತಿದ್ದವು. ಆಂತರಿಕ ಮೌಲ್ಯಮಾಪನಕ್ಕೆ 40, ಸೆಮಿಸ್ಟರ್ ಪರೀಕ್ಷೆಗೆ 60 ಅಂಕ ಇತ್ತು. ಕ್ರೆಡಿಟ್ ಸೊನ್ನೆ.

ಸೊನ್ನೆ ಕ್ರೆಡಿಟ್ ಎಂದರೆ ಇದರ ಅಂಕ ಸಿಜಿಪಿಎಗೆ ಸೇರುವುದಿಲ್ಲ. ಮುಂದಿನ ವರ್ಷಕ್ಕೆ ಬಡ್ತಿ ಕೊಡುವಾಗಲೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಆ ಸ್ಕೀಮಿನಲ್ಲಿ ತರಗತಿಗೆ ಹಾಜರಾಗಬೇಕಿತ್ತು, ಆಂತರಿಕ ಅಂಕದಲ್ಲಿ ಕನಿಷ್ಠ ಶೇ 40 ಪಡೆಯಬೇಕಿತ್ತು, ಪರೀಕ್ಷೆ ಪಾಸಾಗಬೇಕಿತ್ತು. ಪಾಸಾಗದೆ ಪದವಿ ಪ್ರದಾನ ಇರಲಿಲ್ಲ. ನಿಯಮದ ಈ ಎರಡು ಮುಖಗಳಲ್ಲಿ ವಿದ್ಯಾರ್ಥಿಯ ಕಣ್ಣಿಗೆ ಮೊದಲು ಬೀಳುವುದು ಮೊದಲನೆಯದು. ಅಂಕ ಸೇರುವುದಿಲ್ಲ, ಬಡ್ತಿ ತಡೆಯುವುದಿಲ್ಲ ಎಂದ ಮೇಲೆ ಆಮೇಲೆ ಬರೆದರಾಯಿತು ಎಂದು ಪಕ್ಕಕ್ಕಿಡುವುದು ಸುಲಭ. ಹಾಗಿಟ್ಟ ಪತ್ರಿಕೆ ಕೊನೆಯ ವರ್ಷದಲ್ಲಿ ಪ್ರಾಜೆಕ್ಟ್ ಮತ್ತು ಕ್ಯಾಂಪಸ್ ಸಂದರ್ಶನಗಳ ನಡುವೆ ಬ್ಯಾಕ್‌ಲಾಗ್ ಆಗಿ ಎದುರು ನಿಲ್ಲುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಪಾಠದ ಸರದಿಯದು. 2018ರ ಸ್ಕೀಮಿನಲ್ಲೇ ಎಲ್ಲರಿಗೂ ಇದ್ದ ಮೂರನೆಯ ಸೆಮಿಸ್ಟರಿನ ಗಣಿತ ಲ್ಯಾಪ್ಲಾಸ್ ರೂಪಾಂತರದಿಂದ ಆರಂಭವಾಗಿ ಫೂರಿಯೆ ಶ್ರೇಣಿಗೆ ಹೋಗುತ್ತಿತ್ತು. ಎರಡೂ ಅನುಕಲನದ ಮೇಲೆ ನಿಂತವು. ಹೆಚ್ಚುವರಿ ಗಣಿತದಲ್ಲಿ ಅನುಕಲನ ಬರುತ್ತಿದ್ದದ್ದು ನಾಲ್ಕನೆಯ ಘಟಕದಲ್ಲಿ. ಮೊದಲ ವಾರದಲ್ಲೇ ಬೇಕಾದ ಕೌಶಲ ಹೀಗೆ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕೈಸೇರುತ್ತಿತ್ತು. ಕೊರತೆ ತುಂಬುವ ಪತ್ರಿಕೆಯೂ ಆ ಕೊರತೆಯಿಂದ ಏಟು ತಿನ್ನುವ ಪತ್ರಿಕೆಯೂ ಅಕ್ಕಪಕ್ಕದ ಪೀರಿಯಡ್‌ಗಳಲ್ಲಿ ನಡೆಯುತ್ತಿದ್ದವು.

ಒಂದು ಸರಳ ಲೆಕ್ಕದಲ್ಲಿ ಇದನ್ನು ಕಾಣಬಹುದು. ಕಾಲದೊಡನೆ ಸಮನಾಗಿ ಏರುವ ಸಂಕೇತದ ಲ್ಯಾಪ್ಲಾಸ್ ರೂಪಾಂತರ ಎಂದರೆ, ಕಾಲವನ್ನು ‘ಎಸ್’ ಎಂಬ ದರದಲ್ಲಿ ಇಳಿಯುವ ಘಾತೀಯ ಫಲನದಿಂದ ಗುಣಿಸಿ, ಸೊನ್ನೆಯಿಂದ ಅನಂತದವರೆಗೆ ಅನುಕಲಿಸುವುದು. ಉತ್ತರ, ಒಂದನ್ನು ‘ಎಸ್’ನ ವರ್ಗದಿಂದ ಭಾಗಿಸಿದ್ದು. ಇಷ್ಟಕ್ಕೆ ಮೂರು ಕೌಶಲ ಬೇಕು: ಗುಣಲಬ್ಧವನ್ನು ಬಿಡಿಸಿ ಅನುಕಲಿಸುವುದು, ಮೇಲಿನ ಮಿತಿ ಅನಂತವಾದಾಗ ಪದ ಏನಾಗುತ್ತದೆಂದು ಕಾಣುವುದು, ಎರಡು ಅಕ್ಷರಗಳಲ್ಲಿ ಒಂದನ್ನು ಸ್ಥಿರಾಂಕವೆಂದು ಹಿಡಿಯುವುದು. ಮೊದಲನೆಯದನ್ನು ಡಿಪ್ಲೊಮಾದಲ್ಲಿ ಕಂಡಿದ್ದರೂ ಮರೆತಿರುತ್ತದೆ, ಉಳಿದೆರಡು ಹೊಸವು. ಕಪ್ಪುಹಲಗೆಯ ಮೇಲೆ ಉಪನ್ಯಾಸಕರು ಇದನ್ನು ಎರಡೇ ಸಾಲಿನಲ್ಲಿ ಮುಗಿಸುತ್ತಾರೆ, ಏಕೆಂದರೆ ತರಗತಿಯ ಹೆಚ್ಚಿನವರಿಗೆ ಅದು ಹಿಂದೆಯೇ ಓದಿದ ಪಾಠ.

2022ರ ಸ್ಕೀಮಿನಿಂದ ವಿಟಿಯು ಗಣಿತವನ್ನು ಶಾಖೆಯ ಗುಂಪಿಗೆ ತಕ್ಕಂತೆ ಬೇರೆ ಬೇರೆ ಮಾಡಿದೆ. ಕಂಪ್ಯೂಟರ್ ಸೈನ್ಸ್‌ನ ಮೂರನೆಯ ಸೆಮಿಸ್ಟರಿನಲ್ಲಿ ಸಂಭವನೀಯತೆಯ ವಿತರಣೆಗಳು, ಮಾರ್ಕೊವ್ ಸರಪಳಿ, ಸಂಖ್ಯಾಶಾಸ್ತ್ರೀಯ ಅನುಮಾನ ಮುಖ್ಯವಾದವು. ಇಲ್ಲೂ ಬುಡದಲ್ಲಿ ಅನುಕಲನವೇ ಇದೆ: ಒಂದು ಸಾಂದ್ರತಾ ಫಲನದ ಕೆಳಗಿನ ವಿಸ್ತೀರ್ಣ ಒಂದಕ್ಕೆ ಸಮ ಎಂದು ತೋರಿಸದೆ ಮೊದಲ ಅಧ್ಯಾಯ ದಾಟಲಾಗದು.

ನಾಲ್ಕನೆಯ ಷರತ್ತು: ಶಾಖೆಯ ಪಾಠದೊಳಗಿನ ಗಣಿತ

ಗಣಿತ ಎಂಬ ಹೆಸರಿಲ್ಲದ ಪತ್ರಿಕೆಗಳಲ್ಲಿ ಬರುವ ಗಣಿತಕ್ಕೆ ಕಾಲುವೆ ಒಳ್ಳೆಯ ಉದಾಹರಣೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಿಂದ ಸುರಪುರ, ಶಹಾಪುರ ತಾಲ್ಲೂಕುಗಳ ಹೊಲಗಳಲ್ಲಿ ಭತ್ತ ಬೆಳೆಯುತ್ತದೆ. ಸಿವಿಲ್ ಡಿಪ್ಲೊಮಾದವರಿಗೆ ಅದರ ಕವಲುಗಳು ಕಣ್ಣೆದುರಿನ ಪ್ರಯೋಗಾಲಯ.

ಕಾಲುವೆಯ ತಳಕ್ಕೂ ಬದಿಗೂ ಕಾಂಕ್ರೀಟ್ ಹಾಕಲು ಖರ್ಚಾಗುತ್ತದೆ. ನೀರು ತಾಗುವ ಅಂಚು ಉದ್ದವಾದಷ್ಟೂ ಹರಿವಿಗೆ ತಡೆಯೂ ಹೆಚ್ಚು. ಆದ್ದರಿಂದ ನೀರು ಹರಿಯಲು ಬೇಕಾದ ವಿಸ್ತೀರ್ಣ ಅಷ್ಟೇ ಇರುವಂತೆ ಅಂಚನ್ನು ಆದಷ್ಟು ಕಿರಿದು ಮಾಡಬೇಕು. ವಿಸ್ತೀರ್ಣ 8 ಚದರ ಮೀಟರ್, ಆಕಾರ ಆಯತ ಎಂದಿಟ್ಟುಕೊಂಡರೆ, ಆಳ 1 ಮೀಟರ್ ಇದ್ದಾಗ ಅಗಲ 8, ತಳ ಮತ್ತು ಎರಡು ಬದಿ ಸೇರಿ ಅಂಚು 10 ಮೀಟರ್. ಆಳ 4 ಇದ್ದಾಗ ಅಗಲ 2. ಅಂಚು ಮತ್ತೆ 10. ನಡುವೆ ಎಲ್ಲೋ ಕನಿಷ್ಠ ಬೆಲೆ ಇದೆ. ಅಂಚಿನ ಉದ್ದ ಎಂದರೆ 8ನ್ನು ಆಳದಿಂದ ಭಾಗಿಸಿದ್ದು, ಅದಕ್ಕೆ ಆಳದ ಎರಡರಷ್ಟು ಕೂಡಿಸಿದ್ದು. ಇದನ್ನು ಆಳಕ್ಕೆ ಅನುಗುಣವಾಗಿ ಅವಕಲಿಸಿ ಸೊನ್ನೆಗೆ ಸಮ ಮಾಡಿದರೆ ಆಳದ ವರ್ಗ 4 ಎಂದು ಬರುತ್ತದೆ. ಆಳ 2 ಮೀಟರ್, ಅಗಲ 4 ಮೀಟರ್, ಅಂಚು 8 ಮೀಟರ್. ಅಗಲ ಆಳದ ಎರಡರಷ್ಟಿರಬೇಕು ಎಂಬ ನಿಯಮ ಹೀಗೆ ಹುಟ್ಟುತ್ತದೆ. ಇಷ್ಟೂ ಡಿಪ್ಲೊಮಾದ ಗಣಿತ.

ಈಗ ಬದಿಗಳನ್ನು ನೆಟ್ಟಗೆ ನಿಲ್ಲಿಸದೆ ಇಳಿಜಾರು ಮಾಡಿದರೆ ಗೊತ್ತಿಲ್ಲದ್ದು ಎರಡಾಗುತ್ತವೆ: ಆಳ ಮತ್ತು ಇಳಿಜಾರು. ಆಳವನ್ನು ಸ್ಥಿರವಾಗಿ ಹಿಡಿದು ಇಳಿಜಾರಿಗೆ ಒಮ್ಮೆ, ಇಳಿಜಾರನ್ನು ಸ್ಥಿರವಾಗಿ ಹಿಡಿದು ಆಳಕ್ಕೆ ಇನ್ನೊಮ್ಮೆ ಅವಕಲಿಸಬೇಕು. ಆಂಶಿಕ ಅವಕಲನ ಎಂದರೆ ಇಷ್ಟೇ. ಎರಡನ್ನೂ ಸೊನ್ನೆಗೆ ಸಮ ಮಾಡಿ ಬಿಡಿಸಿದರೆ ಬದಿ ನೆಲಕ್ಕೆ 60 ಡಿಗ್ರಿ ಓರೆಯಾಗಿರಬೇಕು, ತಳವೂ ಎರಡು ಬದಿಗಳೂ ಒಂದೇ ಉದ್ದ ಇರಬೇಕು ಎಂಬ ಉತ್ತರ ಸಿಗುತ್ತದೆ. ಅಂದರೆ ಸಮ ಷಡ್ಭುಜದ ಅರ್ಧ. ಅದೇ 8 ಚದರ ಮೀಟರಿಗೆ ಆಳ ಸುಮಾರು 2.15, ತಳ 2.48, ಅಂಚು 7.44 ಮೀಟರ್. ಆಯತಕ್ಕಿಂತ ಅರ್ಧ ಮೀಟರಿಗೂ ಹೆಚ್ಚು ಉಳಿತಾಯ. ಎರೆಮಣ್ಣಿನ ನೆಲದಲ್ಲಿ 60 ಡಿಗ್ರಿಯ ಬದಿ ಕುಸಿಯುತ್ತದೆ, ಆದ್ದರಿಂದ ಇಳಿಜಾರನ್ನು ಮಣ್ಣೇ ನಿಗದಿ ಮಾಡುತ್ತದೆ. ಆಗ ಉಳಿಯುವುದು ಆಳ ಒಂದೇ, ಲೆಕ್ಕ ಮತ್ತೆ ಒಂದು ಚರಕ್ಕೆ ಇಳಿಯುತ್ತದೆ.

ಡಿಪ್ಲೊಮಾ ಮತ್ತು ಬಿ.ಇ. ಗಣಿತದ ನಡುವಿನ ಅಂತರ ಎಷ್ಟು ಎಂಬುದು ಈ ಒಂದೇ ಲೆಕ್ಕದಲ್ಲಿ ಅಳತೆಗೆ ಸಿಗುತ್ತದೆ. ಮೊದಲ ಭಾಗ ಬಂದವರಿಗೆ ಎರಡನೆಯ ಭಾಗ ಒಂದು ಮೆಟ್ಟಿಲು ಮೇಲಿದೆ, ಅಷ್ಟೇ. ಆದರೆ ಹೈಡ್ರಾಲಿಕ್ಸ್ ಪಾಠದಲ್ಲಿ ಆ ಮೆಟ್ಟಿಲನ್ನು ಹತ್ತಿಸುವವರು ಇರುವುದಿಲ್ಲ. ಮೆಕ್ಯಾನಿಕಲ್‌ನಲ್ಲಿ ಥರ್ಮೊಡೈನಮಿಕ್ಸ್, ಎಲೆಕ್ಟ್ರಿಕಲ್‌ನಲ್ಲಿ ಪರ್ಯಾಯ ವಿದ್ಯುತ್ ಜಾಲಗಳ ವಿಶ್ಲೇಷಣೆ, ಎಲೆಕ್ಟ್ರಾನಿಕ್ಸ್‌ನಲ್ಲಿ ಸಿಗ್ನಲ್ಸ್ ಎಲ್ಲದರಲ್ಲೂ ಇದೇ ಕತೆ: ಒಂದರಲ್ಲಿ ಆಂಶಿಕ ಅವಕಲನ, ಇನ್ನೊಂದರಲ್ಲಿ ಸಂಮಿಶ್ರ ಸಂಖ್ಯೆ, ಮತ್ತೊಂದರಲ್ಲಿ ಅನುಕಲನ, ಹೇಳದೆ ಕೇಳದೆ ಬಂದು ಕೂತಿರುತ್ತವೆ.

ಕಲಿಕೆಯ ಕ್ರಮ

ಬಾಕಿ ತೀರಿಸಲು ಸಿಗುವ ಸಮಯ ಎರಡು ತುಂಡು. ಮೊದಲನೆಯದು ಡಿಸಿಇಟಿ ಬರೆದ ದಿನದಿಂದ ಕಾಲೇಜಿನ ಆರಂಭದವರೆಗೆ. ಸೀಟು ಹಂಚಿಕೆಯ ಸುತ್ತುಗಳು ಎಳೆಯುವುದರಿಂದ ಈ ಬಿಡುವು ಸಾಮಾನ್ಯವಾಗಿ ವಾರಗಳನ್ನು ಮೀರಿ ತಿಂಗಳುಗಳಿಗೆ ಹೋಗುತ್ತದೆ. ಎರಡನೆಯದು ಮೂರನೆಯ ಸೆಮಿಸ್ಟರಿನ ಮೊದಲ ಭಾಗ. ತಡವಾದ ಸುತ್ತಿನಲ್ಲಿ ಸೀಟು ಸಿಕ್ಕವರು ಪಾಠ ಶುರುವಾದ ಮೇಲೆ ಸೇರುವುದರಿಂದ ಅವರಿಗೆ ಎರಡನೆಯದೂ ಮೊಟಕಾಗುತ್ತದೆ. ಹಾಗಾಗಿ ಸೀಟು ಖಚಿತವಾಗಲಿ ಎಂದು ಕಾಯದೆ ಮೊದಲ ತುಂಡನ್ನೇ ಬಳಸಬೇಕಾಗುತ್ತದೆ.

ಆರಂಭ ಹೊಸ ಅಧ್ಯಾಯದಿಂದ ಆಗಬಾರದು. ಬೀಜಗಣಿತದ ಸರಳೀಕರಣ, ಘಾತಾಂಕ ಮತ್ತು ಲಾಗರಿದಂ, ತ್ರಿಕೋನಮಿತಿಯ ಮುಖ್ಯ ಸೂತ್ರಗಳನ್ನು ಬರೆದು ಬರೆದು ಕೈಗೆ ತಂದುಕೊಳ್ಳುವುದು ಮೊದಲ ಕೆಲಸ. ಐಟಿಐ ಮೂಲಕ ಬಂದವರಿಗೆ ಇದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ. ಎರಡನೆಯದು ಅನುಕಲನ: ಪ್ರಮಾಣಿತ ರೂಪಗಳು, ಆದೇಶ ವಿಧಾನ, ಭಾಗಶಃ ಅನುಕಲನ, ಆಂಶಿಕ ಭಿನ್ನರಾಶಿ. ಮೂರನೆಯದು ಆಂಶಿಕ ಅವಕಲನ. ನಾಲ್ಕನೆಯದು ಮೊದಲ ಮತ್ತು ಎರಡನೆಯ ದರ್ಜೆಯ ಅವಕಲ ಸಮೀಕರಣ. ಇಲ್ಲಿಂದ ಮುಂದಿನ ಸರದಿಯನ್ನು ಶಾಖೆ ನಿರ್ಧರಿಸಬೇಕು. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್‌ನವರಿಗೆ ಸಂಮಿಶ್ರ ಸಂಖ್ಯೆ ಮುಂದೆ ಬರಬೇಕು. ಸಿವಿಲ್, ಮೆಕ್ಯಾನಿಕಲ್‌ನವರಿಗೆ ಸದಿಶ ಮತ್ತು ಸಾಂಖ್ಯಿಕ ವಿಧಾನ. ಕಂಪ್ಯೂಟರ್‌ನವರಿಗೆ ಸಂಭವನೀಯತೆ ಮತ್ತು ರೇಖೀಯ ಬೀಜಗಣಿತ.

ಪುಸ್ತಕಕ್ಕೆ ಪರದಾಡಬೇಕಿಲ್ಲ. ಪಿಯುಸಿಯ ಎರಡು ವರ್ಷದ ಎನ್‌ಸಿಇಆರ್‌ಟಿ ಗಣಿತ ಪುಸ್ತಕಗಳು ಮೊದಲ ಅರ್ಧಕ್ಕೆ ಸಾಕು. ಬಿಡಿಸಿದ ಉದಾಹರಣೆಗಳು ಅವುಗಳಲ್ಲಿ ಧಾರಾಳ. ಮುಂದಕ್ಕೆ ಬಿ.ಎಸ್. ಗ್ರೇವಾಲ್ ಅವರ ಎಂಜಿನಿಯರಿಂಗ್ ಗಣಿತದ ಪುಸ್ತಕ ರಾಜ್ಯದ ಬಹುತೇಕ ಕಾಲೇಜು ಗ್ರಂಥಾಲಯಗಳಲ್ಲಿ ಇರುತ್ತದೆ. ಐಐಟಿಗಳ ಎನ್‌ಪಿಟಿಇಎಲ್ ಪಾಠಗಳು, ವಿಟಿಯುನ ಇ-ಲರ್ನಿಂಗ್ ಕೇಂದ್ರದ ಪಾಠಗಳು ಫೋನಿನಲ್ಲೇ ಸಿಗುತ್ತವೆ. ಆದರೆ ನೋಡಿದ ಪಾಠ ಬರೆದ ಲೆಕ್ಕಕ್ಕೆ ಸಮವಲ್ಲ.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಓದಿದವರಿಗೆ ಭಾಷೆಯ ಅಡ್ಡಿಯೂ ಇದೆ. ಲೆಕ್ಕ ಬರುತ್ತದೆ, ಪ್ರಶ್ನೆ ಏನು ಕೇಳುತ್ತಿದೆ ಎಂಬುದು ತಿಳಿಯುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಪದೇ ಪದೇ ಬರುವ ಇಂಗ್ಲಿಷ್ ಸೂಚನೆಗಳು ನೂರರೊಳಗೇ ಇರುತ್ತವೆ. ಅವುಗಳ ಅರ್ಥವನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಅಡ್ಡಿಯ ದೊಡ್ಡ ಪಾಲು ಸರಿಯುತ್ತದೆ.

ಪಕ್ಕದ ದಾರಿಗಳು

ಬಿ.ಎಸ್ಸಿ. ಪದವೀಧರರೂ ಬಿ.ಇ.ಯ ಎರಡನೆಯ ವರ್ಷಕ್ಕೆ ಸೇರಬಹುದು. ಪಿಯುಸಿ ಹಂತದಲ್ಲಿ ಗಣಿತ ಓದಿರಬೇಕು ಎಂಬ ಷರತ್ತು ಇವರಿಗೆ ಸ್ಪಷ್ಟವಾಗಿಯೇ ಇದೆ. ಡಿಪ್ಲೊಮಾದವರಿಗೆ ಹಂಚಿ ಉಳಿದರೆ ಮಾತ್ರ ಸೀಟು. ಇವರ ಕೊರತೆ ತಲೆಕೆಳಗು. ಗಣಿತದಲ್ಲಿ ಮುಂದು, ಎಂಜಿನಿಯರಿಂಗ್ ಡ್ರಾಯಿಂಗ್ ಮತ್ತು ಮೆಕ್ಯಾನಿಕ್ಸ್‌ನಲ್ಲಿ ಹಿಂದು. ಹೆಚ್ಚುವರಿಯಾಗಿ ಅವನ್ನೇ ಪಾಸು ಮಾಡಬೇಕು.

ಎಂಸಿಎ ಇನ್ನೊಂದು ದಾರಿ. ಬಿಸಿಎ ಮುಗಿಸಿದವರಿಗೆ ಅದು ನೇರ. ಬಿ.ಎಸ್ಸಿ., ಬಿ.ಕಾಂ., ಬಿ.ಎ. ಓದಿದವರಿಗೆ ಪಿಯುಸಿಯಲ್ಲಾಗಲಿ ಪದವಿಯಲ್ಲಾಗಲಿ ಗಣಿತ ಇರಬೇಕು, ಜೊತೆಗೆ ವಿಶ್ವವಿದ್ಯಾಲಯ ಹೇಳಿದ ಸೇತುಬಂಧ ಪಾಠ ಮುಗಿಸಬೇಕು. ಕಲಾ ವಿಭಾಗದಲ್ಲಿ ಪಿಯುಸಿ ಓದಿ ಬಿಸಿಎ ಸೇರಿದವರು ಅರ್ಹತೆಯಲ್ಲಿ ದಾಟಿದರೂ ಸಂಖ್ಯಾಶಾಸ್ತ್ರ ಮತ್ತು ಯಂತ್ರಕಲಿಕೆಯ ಪಾಠಗಳಲ್ಲಿ ಗಣಿತಕ್ಕೆ ಎದುರಾಗುತ್ತಾರೆ.

ಕೆಲಸ ಮಾಡುತ್ತಲೇ ಓದುವ ಡಿಪ್ಲೊಮಾದವರಿಗೆ ಹಿಂದೆ ಎಎಂಐಇ ಪರೀಕ್ಷೆ ಇತ್ತು. ಪದವಿಗೆ ಸಮಾನವೆಂಬ ಮನ್ನಣೆ 2013ರ ಮೇ 31ರೊಳಗೆ ನೋಂದಾಯಿಸಿದವರಿಗಷ್ಟೇ ಉಳಿಯಿತು. ಆ ಬಾಗಿಲು ಮುಚ್ಚಿದ ಮೇಲೆ ಲ್ಯಾಟರಲ್ ಎಂಟ್ರಿಯ ಮೇಲಿನ ಅವಲಂಬನೆ ಹೆಚ್ಚಿತು.

ಹೊರನಾಡಿನ ಅನುಭವ

ಎರಡು ವರ್ಷದ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ದಾಟುವ ಪದ್ಧತಿ ಅಮೆರಿಕದಲ್ಲಿ ಹಳೆಯದು. ಇಲಿನಾಯ್‌ನ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾದ ಜೂನಿಯರ್ ಕಾಲೇಜು ಅಲ್ಲಿನ ಕಮ್ಯೂನಿಟಿ ಕಾಲೇಜುಗಳಿಗೆ ಮೊದಲಿನದು. ಅಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ವರ್ಷ ಒಟ್ಟಾಗಿ ವಿನಾಯಿತಿ ಕೊಡುವುದಿಲ್ಲ. ವಿಷಯಕ್ಕೆ ವಿಷಯ ತಾಳೆ ನೋಡುತ್ತಾರೆ. ಇಲ್ಲಿ ಓದಿದ ಈ ಗಣಿತ ಅಲ್ಲಿನ ಆ ಗಣಿತಕ್ಕೆ ಸಮ ಎಂಬ ಒಪ್ಪಂದ ಎರಡು ಸಂಸ್ಥೆಗಳ ನಡುವೆ ಮೊದಲೇ ಇರುತ್ತದೆ. ಕರ್ನಾಟಕದ ಲ್ಯಾಟರಲ್ ಎಂಟ್ರಿಯಲ್ಲಿ ಇಡೀ ಮೊದಲ ವರ್ಷಕ್ಕೆ ಒಂದೇ ಸಲ ವಿನಾಯಿತಿ ಸಿಗುತ್ತದೆ. ದಾರಿ ಸರಳವಾಗುತ್ತದೆ, ಯಾವ ಅಧ್ಯಾಯ ಬಿಟ್ಟುಹೋಯಿತು ಎಂಬ ಲೆಕ್ಕ ಮಾತ್ರ ಯಾರ ಬಳಿಯೂ ಇರುವುದಿಲ್ಲ.

ಅಮೆರಿಕದ ಪದ್ಧತಿಗೂ ಅದರದೇ ಕಷ್ಟ ಇತ್ತು. ಗಣಿತದಲ್ಲಿ ಹಿಂದುಳಿದವರನ್ನು ಕೆಳಹಂತದ ಪರಿಹಾರ ತರಗತಿಗಳಲ್ಲಿ ಒಂದಾದ ಮೇಲೊಂದರಂತೆ ಕೂರಿಸುತ್ತಿದ್ದರು. ಆ ಸರಣಿ ಮುಗಿಯುವ ಮುನ್ನವೇ ಬಹಳ ಮಂದಿ ಓದು ಬಿಡುತ್ತಿದ್ದರು. ಕ್ಯಾಲಿಫೋರ್ನಿಯಾ 2017ರಲ್ಲಿ ಎಬಿ 705 ಎಂಬ ಕಾಯ್ದೆ ತಂದು, ವಿಶ್ವವಿದ್ಯಾಲಯಕ್ಕೆ ದಾಟಲು ಬೇಕಾದ ಮಟ್ಟದ ಗಣಿತವನ್ನು ವಿದ್ಯಾರ್ಥಿ ಒಂದು ವರ್ಷದೊಳಗೆ ಮುಗಿಸುವ ಸಾಧ್ಯತೆ ಹೆಚ್ಚುವಂತೆ ನೋಡಿಕೊಳ್ಳಬೇಕೆಂದು ಕಾಲೇಜುಗಳಿಗೆ ಹೇಳಿತು. ಮುಖ್ಯ ಪಾಠದಲ್ಲಿ ಕೂರಿಸಿ, ಪಕ್ಕದಲ್ಲೇ ನೆರವಿನ ತರಗತಿ ನಡೆಸುವ ರೀತಿ ಅದರ ಬಳಿಕ ಹೆಚ್ಚು ಬಳಕೆಗೆ ಬಂತು. ವಿಟಿಯುನ ಹೆಚ್ಚುವರಿ ಗಣಿತದ ರಚನೆಯೂ ಹೆಚ್ಚುಕಡಿಮೆ ಇದೇ. ಆದರೆ ಪಕ್ಕದಲ್ಲಿ ನಡೆಯುವ ನೆರವು ಮುಖ್ಯ ಪಾಠಕ್ಕಿಂತ ಒಂದು ಹೆಜ್ಜೆ ಮುಂದಿದ್ದರೆ ಮಾತ್ರ ನೆರವು. ಹಿಂದೆ ಬಿದ್ದರೆ ಅದು ಇನ್ನೊಂದು ಪರೀಕ್ಷೆಯಷ್ಟೇ.

ಸಂಸ್ಥೆಗಳು ಮಾಡಬಹುದಾದದ್ದು

ಪಾಲಿಟೆಕ್ನಿಕ್‌ನಲ್ಲಿ ಐದನೆಯ ಸೆಮಿಸ್ಟರಿನಿಂದ ವಾರಕ್ಕೆ ಒಂದೆರಡು ಗಂಟೆ ಗಣಿತದ ಪುನರಾವರ್ತನೆ ಇಟ್ಟರೆ ಡಿಸಿಇಟಿಗೂ ಆಯಿತು, ಎರಡು ವರ್ಷದ ಬಿಡುವೂ ಮುರಿಯಿತು. ಎಂಜಿನಿಯರಿಂಗ್ ಕಾಲೇಜು ಲ್ಯಾಟರಲ್ ವಿದ್ಯಾರ್ಥಿಗಳು ಸೇರಿದ ವಾರವೇ ಒಂದು ಗಂಟೆಯ ಪರೀಕ್ಷೆ ಇಟ್ಟು, ಯಾರಿಗೆ ಯಾವ ಅಧ್ಯಾಯ ಬಾರದು ಎಂದು ಗುರುತಿಸಬಹುದು. ಈ ಪರೀಕ್ಷೆಗೆ ಅಂಕಪಟ್ಟಿ ಬೇಡ. ಅಧ್ಯಾಯದ ಪಟ್ಟಿ ಸಾಕು. ಹೆಚ್ಚುವರಿ ಗಣಿತದ ಘಟಕಗಳನ್ನು ಪಾಠ ಮಾಡುವ ಸರದಿ ಉಪನ್ಯಾಸಕರ ಕೈಯಲ್ಲಿದ್ದರೆ, ಅನುಕಲನವನ್ನು ಮೊದಲಿಗೆ ತರುವುದರಿಂದ ಪಠ್ಯಕ್ರಮದ ಒಂದಕ್ಷರವೂ ಬದಲಾಗುವುದಿಲ್ಲ. ಶಾಖೆಯ ಉಪನ್ಯಾಸಕರು ತಮ್ಮ ವಿಷಯದಲ್ಲಿ ಯಾವ ವಾರ ಯಾವ ಗಣಿತ ಬೇಕೆಂದು ಗಣಿತ ವಿಭಾಗಕ್ಕೆ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ನಾಲ್ಕನೆಯ ಷರತ್ತೂ ಬರವಣಿಗೆಗೆ ಬಂದಂತಾಗುತ್ತದೆ.

ಪಠ್ಯಕ್ರಮಗಳು ಬದಲಾಗುತ್ತಿರುತ್ತವೆ. ಡಿಪ್ಲೊಮಾದಲ್ಲಿ ಸಿ-09, ಸಿ-15, ಸಿ-20 ಎಂದೂ ವಿಟಿಯುನಲ್ಲಿ 2018, 2021, 2022ರ ಸ್ಕೀಮ್ ಎಂದೂ ಹೆಸರು, ಅಂಕ, ಘಟಕ ಹಿಂದೆ ಮುಂದೆ ಆಗಿವೆ. ಪಿಡಿಎ ಥರದ ಸ್ವಾಯತ್ತ ಕಾಲೇಜುಗಳಿಗೆ ತಮ್ಮದೇ ಪಠ್ಯಕ್ರಮ ಇರುತ್ತದೆ. ಆದ್ದರಿಂದ ವಿದ್ಯಾರ್ಥಿ ತಾನು ಓದಿದ ಡಿಪ್ಲೊಮಾ ಗಣಿತದ ಪಠ್ಯಕ್ರಮ, ಸೇರಲಿರುವ ಕಾಲೇಜಿನ ಮೊದಲ ವರ್ಷದ ಗಣಿತದ ಪಠ್ಯಕ್ರಮ, ತನ್ನ ಶಾಖೆಯ ಮೂರು ಮತ್ತು ನಾಲ್ಕನೆಯ ಸೆಮಿಸ್ಟರಿನ ಪಠ್ಯಕ್ರಮ ಈ ಮೂರನ್ನೂ ಆ ವರ್ಷದ ಪ್ರತಿಯಿಂದಲೇ ನೋಡಬೇಕು. ಎರಡನೆಯದರಲ್ಲಿದ್ದು ಮೊದಲನೆಯದರಲ್ಲಿ ಇಲ್ಲದ್ದು ಒಟ್ಟು ಬಾಕಿ. ಅದರಲ್ಲಿ ಮೂರನೆಯದು ಮೊದಲು ಕೇಳುವ ಅಧ್ಯಾಯ ಯಾವುದೋ ಕಲಿಕೆ ಅಲ್ಲಿಂದ ಶುರುವಾಗಬೇಕು.